ಪೆನ್ನಿ ಹಾಳೆಯ ಮೇಷ್ಟ್ರು

ಕಳೆದ ವರ್ಷ ನಾವು ಕನ್ನಡ ಸಂಘದವರೆಲ್ಲ ಸೇರಿ ಒಂದು ಕೆಲಸಕ್ಕೆ ಕೈ ಹಾಕಿದ್ವಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಫಸ್ಟ್ ಇಯರ್‌ನವರಿಗೆ ಗಣಿತದ ಪಾಠಗಳನ್ನು ಕನ್ನಡದಲ್ಲೇ ವಿವರಿಸೋ ವಿಡಿಯೋ ಮಾಡಿ ಕಾಲೇಜಿನ ಪೋರ್ಟಲ್‌ಗೆ ಹಾಕೋದು. ಮೈಕ್ ತಂದ್ವಿ, ಪಿಪಿಟಿ ಮಾಡಿದ್ವಿ, ಬಣ್ಣಬಣ್ಣದ ಅನಿಮೇಷನ್ ಕೂಡ ಸೇರಿಸಿದ್ವಿ. ನೋಡಿದವರೆಲ್ಲ ಚೆನ್ನಾಗಿದೆ ಅಂದ್ರು. ನಮಗೂ ಏನೋ ಸಾಧಿಸಿದ ಖುಷಿ.

ರಿಸಲ್ಟ್ ಬಂದಾಗ ಆ ಖುಷಿ ಇಳೀತು. ನಮ್ಮ ವಿಡಿಯೋಗಳನ್ನು ಒಂದೂ ಬಿಡದೆ ನೋಡಿದ್ದ ಜೂನಿಯರ್ ಒಬ್ಬನಿಗೆ ಗಣಿತವೇ ಬ್ಯಾಕ್‌ಲಾಗ್ ಆಗಿತ್ತು. ಕೂರಿಸಿಕೊಂಡು ಕೇಳಿದ್ರೆ ಗೊತ್ತಾಗಿದ್ದು ಇಷ್ಟೇ: ಎರಡನೇ ವಿಡಿಯೋದಲ್ಲೇ ಮೈನಸ್ ಚಿಹ್ನೆಯ ಒಂದು ನಿಯಮವನ್ನು ಆತ ತಪ್ಪಾಗಿ ತಿಳ್ಕೊಂಡಿದ್ದ. ಆ ತಪ್ಪನ್ನೇ ಇಟ್ಕೊಂಡು ಮಿಕ್ಕ ಎಲ್ಲ ವಿಡಿಯೋ ನೋಡಿದ್ದ, ಎಲ್ಲ ಲೆಕ್ಕ ಮಾಡಿದ್ದ. ತಪ್ಪು ಅಂತ ಹೇಳೋರು ಯಾರೂ ಇರ್ಲಿಲ್ಲ. ನಾವು ಪಾಠ ಕಳಿಸಿದ್ವಿ, ಆತನಿಂದ ನಮಗೆ ಏನೂ ವಾಪಸ್ ಬರೋ ದಾರಿ ಮಾಡಿರ್ಲಿಲ್ಲ.

ಈ ಬೇಸರದಲ್ಲಿ, ದೂರದಲ್ಲಿರೋ ವಿದ್ಯಾರ್ಥಿಗೆ ಪಾಠ ಮುಟ್ಟಿಸೋ ಕೆಲಸವನ್ನು ಮೊದಲು ಯಾರು ಸರಿಯಾಗಿ ಮಾಡಿದ್ರು ಅಂತ ಹುಡುಕ್ತಾ ಹೊರಟಾಗ ಸಿಕ್ಕಿದ ಹೆಸರು ಐಸಾಕ್ ಪಿಟ್‌ಮನ್. ಹೆಸರು ನಿಮಗೂ ಗೊತ್ತಿರುತ್ತೆ. ನಮ್ಮ ಊರುಗಳ ಬಸ್ ಸ್ಟ್ಯಾಂಡ್ ಹತ್ತಿರ ಯಾವುದಾದ್ರೂ ಹಳೇ ಕಟ್ಟಡದ ಮಹಡಿ ಮೇಲೆ ಟೈಪ್‌ರೈಟಿಂಗ್ ಮತ್ತು ಶಾರ್ಟ್‌ಹ್ಯಾಂಡ್ ಇನ್‌ಸ್ಟಿಟ್ಯೂಟ್ ಬೋರ್ಡ್ ನೋಡಿರ್ತೀರಲ್ಲ, ಅಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟೋರ ಕೈಯಲ್ಲಿ ಇರ್ತಿದ್ದ ಇಂಗ್ಲಿಷ್ ಶೀಘ್ರಲಿಪಿ ಪುಸ್ತಕದ ಮೇಲಿನ ಹೆಸರೇ ಅದು. ನಮ್ಮಲ್ಲಿ ಎಷ್ಟೋ ಜನರ ಅಪ್ಪ, ಅಮ್ಮ, ಚಿಕ್ಕಪ್ಪಂದಿರಿಗೆ ಸರ್ಕಾರಿ ಕೆಲಸ ಕೊಡಿಸಿದ ಹೆಸರು. ಆದ್ರೆ ಆ ಮನುಷ್ಯ ಯಾರು ಅಂತ ನಾವ್ಯಾರೂ ಕೇಳಿದವರಲ್ಲ.

ಐಸಾಕ್ ಪಿಟ್‌ಮನ್ ಹುಟ್ಟಿದ್ದು 1813ರ ಜನವರಿ 4ರಂದು, ಇಂಗ್ಲೆಂಡಿನ ವಿಲ್ಟ್‌ಷೈರ್ ಸೀಮೆಯ ಟ್ರೌಬ್ರಿಜ್ ಅನ್ನೋ ಊರಲ್ಲಿ. ಅದು ಉಣ್ಣೆ ಬಟ್ಟೆಯ ಊರು. ಅಪ್ಪ ಸ್ಯಾಮ್ಯುಯೆಲ್ ಬಟ್ಟೆ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ. ಮನೆ ತುಂಬ ಮಕ್ಕಳು, ಒಟ್ಟು ಹನ್ನೊಂದು. ಹುಡುಗ ಐಸಾಕ್‌ಗೆ ಓದಿನ ಹುಚ್ಚು, ಆದ್ರೆ ಮೈಯಲ್ಲಿ ಶಕ್ತಿ ಕಡಿಮೆ. ಕಿಕ್ಕಿರಿದ ಶಾಲೆಯ ಕೋಣೆಯಲ್ಲಿ ಉಸಿರು ಕಟ್ಟಿ ತಲೆ ಸುತ್ತಿ ಬೀಳ್ತಿದ್ದ. ಹದಿಮೂರರ ಹೊತ್ತಿಗೆ ಶಾಲೆ ಬಿಡಿಸಿ ಅಪ್ಪ ದುಡೀತಿದ್ದ ಕಾರ್ಖಾನೆಯಲ್ಲೇ ಗುಮಾಸ್ತನ ಕೆಲಸಕ್ಕೆ ಹಚ್ಚಿದ್ರು.

ಅಲ್ಲಿಂದ ಮುಂದೆ ಆತ ಕಲಿತದ್ದೆಲ್ಲ ಶಾಲೆಯ ಹೊರಗೆ. ಬೆಳಗಿನ ಜಾವ ಎದ್ದು ಓದೋದು, ಆಮೇಲೆ ಕೆಲಸಕ್ಕೆ ಹೋಗೋದು. ಇಲ್ಲೊಂದು ತೊಂದರೆ ಎದುರಾಯ್ತು, ಅದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರೋ ತೊಂದರೆಯೇ. ಪುಸ್ತಕದಿಂದಲೇ ಕಲಿತದ್ದರಿಂದ ಹುಡುಗನಿಗೆ ಎಷ್ಟೋ ಇಂಗ್ಲಿಷ್ ಪದಗಳ ಅರ್ಥ ಗೊತ್ತಿತ್ತು, ಬಾಯಲ್ಲಿ ಹೇಳೋದು ಹೇಗೆ ಅಂತ ಗೊತ್ತಿರ್ಲಿಲ್ಲ. ಬರೆಯೋದೊಂದು, ಓದೋದೊಂದು ಆಗಿರೋ ಭಾಷೆ ಅದು. ನಾಲ್ಕು ಜನರ ಮುಂದೆ ಬಾಯಿ ಬಿಡೋಕೆ ಸಂಕೋಚ. ಸೆಮಿನಾರ್ ದಿನ ಒಂದು ಪದ ತಪ್ಪು ಉಚ್ಚರಿಸಿ ಇಡೀ ಕ್ಲಾಸ್ ನಕ್ಕಾಗ ಹೇಗಿರುತ್ತೆ ಅಂತ ನಮ್ಮ ಕನ್ನಡ ಮಾಧ್ಯಮದವರನ್ನು ಕೇಳಿ. ಐಸಾಕ್ ಇದಕ್ಕೆ ಹಿಡಿದ ದಾರಿ ಹಠಮಾರಿಯದು. ಉಚ್ಚಾರಣೆ ಕೊಡೋ ವಾಕರ್‌ನ ನಿಘಂಟನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ತನಗೆ ಹೇಳೋಕೆ ಬರದ ಪದಗಳನ್ನೆಲ್ಲ ಬೇರೆ ಬರೆದುಕೊಂಡ. ಪದದ ಅಕ್ಷರಕ್ಕೂ ಸದ್ದಿಗೂ ಇರೋ ಅಂತರ ಆತನ ತಲೆಯಲ್ಲಿ ಕೂತದ್ದು ಆಗಲೇ. ಜೀವನಪೂರ್ತಿ ಅದು ಬಿಡಲಿಲ್ಲ.

ಸುಮಾರು ಅದೇ ವಯಸ್ಸಲ್ಲಿ ಟೇಲರ್ ಅನ್ನೋರ ಪದ್ಧತಿಯ ಶೀಘ್ರಲಿಪಿಯನ್ನೂ ಪುಸ್ತಕ ನೋಡಿಯೇ ಕಲಿತ. ಆ ಕಾಲದಲ್ಲಿ ಶೀಘ್ರಲಿಪಿ ಪದ್ಧತಿಗಳು ಹಲವಾರು ಇದ್ವು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಕೂಡ ಹುಡುಗನಾಗಿದ್ದಾಗ ಗರ್ನಿ ಅನ್ನೋ ಪದ್ಧತಿ ಕಲಿತು ಪಾರ್ಲಿಮೆಂಟಿನ ವರದಿಗಾರನಾಗಿದ್ದ. ಆದ್ರೆ ಅವುಗಳಲ್ಲಿ ಮನಸ್ಸಿಗೆ ಬಂದ ಹಾಗೆ ಇಟ್ಟ ಗುರುತುಗಳೇ ಜಾಸ್ತಿ. ಯಾಕೆ ಹೀಗೆ ಅಂತ ಕೇಳೋ ಹಾಗಿಲ್ಲ, ಬಾಯಿಪಾಠ ಹೊಡೀಬೇಕು. ಕಲಿಸೋರು ಎದುರಿಗೆ ಇಲ್ದಿದ್ರೆ ಅರ್ಧದಲ್ಲೇ ಕೈಬಿಡೋರೇ ಹೆಚ್ಚು.

1831ರಲ್ಲಿ ಐಸಾಕ್ ಲಂಡನ್‌ಗೆ ಹೋಗಿ ಬರೋ ರೋಡ್‌ನ ಶಿಕ್ಷಕರ ತರಬೇತಿ ಶಾಲೆ ಸೇರಿದ. ಕೆಲವೇ ತಿಂಗಳ ತರಬೇತಿ. ಮುಂದಿನ ವರ್ಷ ಬಾರ್ಟನ್ ಅನ್ನೋ ಊರಿನ ಶಾಲೆಗೆ ಮೇಷ್ಟ್ರು. ಅಲ್ಲೇ 1835ರಲ್ಲಿ ಮೇರಿ ಹೋಲ್ಗೇಟ್ ಎಂಬ ವಿಧವೆಯ ಜೊತೆ ಮದುವೆಯೂ ಆಯ್ತು. ಇನ್ನು ಮುಂದೆ ನಾವೂ ಬಹುವಚನದಲ್ಲೇ ಕರೆಯೋಣ, ಮೇಷ್ಟ್ರು ಅಲ್ವಾ.

1836ರಲ್ಲಿ ಮೇಷ್ಟ್ರು ವಾಟನ್-ಅಂಡರ್-ಎಡ್ಜ್ ಅನ್ನೋ ಊರಿಗೆ ಬಂದ್ರು. ಅಲ್ಲಿ ಸ್ವೀಡನ್‌ಬೋರ್ಗ್‌ನ ಬೋಧನೆಗಳನ್ನು ಒಪ್ಪಿ ಬೇರೆ ಪಂಗಡದ ಚರ್ಚಿಗೆ ಸೇರಿದ್ದಕ್ಕೆ ಶಾಲೆಯ ಆಡಳಿತದವರು ಕೆಲಸದಿಂದ ತೆಗೆದು ಹಾಕಿದ್ರು. ಮೇಷ್ಟ್ರು ಊರು ಬಿಡಲಿಲ್ಲ, ಅಲ್ಲೇ ತಮ್ಮದೊಂದು ಶಾಲೆ ತೆರೆದ್ರು. ತಮ್ಮ ಶಾಲೆಯ ಹುಡುಗರಿಗೆ ಶೀಘ್ರಲಿಪಿ ಕಲಿಸೋಣ ಅಂದ್ರೆ, ಬಡವರ ಮಕ್ಕಳ ಕೈಗೆ ಎಟುಕೋ ಬೆಲೆಯ ಪುಸ್ತಕ ಇರ್ಲಿಲ್ಲ. ಹಾಗಾಗಿ ಟೇಲರ್ ಪದ್ಧತಿಯದ್ದೇ ಒಂದು ಅಗ್ಗದ ಕೈಪಿಡಿ ಬರೆದು ಲಂಡನ್ನಿನ ಪ್ರಕಾಶಕ ಸ್ಯಾಮ್ಯುಯೆಲ್ ಬ್ಯಾಗ್‌ಸ್ಟರ್‌ಗೆ ಕಳಿಸಿದ್ರು. ಬ್ಯಾಗ್‌ಸ್ಟರ್ ಅದನ್ನು ಒಬ್ಬ ವರದಿಗಾರನಿಗೆ ತೋರಿಸಿದಾಗ ಬಂದ ಅಭಿಪ್ರಾಯ ಖಡಕ್ಕಾಗಿತ್ತು: ಇಂಥವು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ, ಹೊಸದೇನಾದ್ರೂ ಇದ್ರೆ ಬರಲಿ. ಪ್ರಾಜೆಕ್ಟ್ ಸಿನಾಪ್ಸಿಸ್ ವಾಪಸ್ ಬಂದ ದಿನ ನಾವು ಕ್ಯಾಂಟೀನ್‌ನಲ್ಲಿ ಗೊಣಗ್ತೀವಿ. ಮೇಷ್ಟ್ರು ಹೊಸದನ್ನೇ ಮಾಡೋಕೆ ಕೂತ್ರು.

ಹಾಗೆ 1837ರ ನವೆಂಬರ್‌ನಲ್ಲಿ ಬಂದದ್ದೇ ಸ್ಟೆನೊಗ್ರಾಫಿಕ್ ಸೌಂಡ್‌ಹ್ಯಾಂಡ್ ಅನ್ನೋ ಪುಟ್ಟ ಪುಸ್ತಕ. ಬೆಲೆ ನಾಲ್ಕು ಪೆನ್ನಿ.

ಇದರ ಒಳಗಿನ ಬುದ್ಧಿಯನ್ನು ಕನ್ನಡಿಗರಿಗೆ ವಿವರಿಸೋದು ಬಹಳ ಸುಲಭ. ನಮ್ಮ ವರ್ಣಮಾಲೆ ನೆನಪು ಮಾಡ್ಕೊಳ್ಳಿ. ಕ-ಗ, ಚ-ಜ, ಟ-ಡ, ಪ-ಬ. ಪ್ರತಿ ಜೋಡಿಯಲ್ಲೂ ನಾಲಿಗೆ, ತುಟಿ ಇರೋ ಜಾಗ ಒಂದೇ, ಒಂದರಲ್ಲಿ ಗಂಟಲು ಗುಂಯ್ ಅನ್ನುತ್ತೆ, ಇನ್ನೊಂದರಲ್ಲಿ ಇಲ್ಲ. ಅದಕ್ಕೇ ಅವನ್ನು ಒಂದೇ ವರ್ಗದಲ್ಲಿ ಕೂರಿಸಿದ್ದಾರೆ. ಇಂಗ್ಲಿಷಿನ ಎಬಿಸಿಡಿಯಲ್ಲಿ ಈ ತರದ ಯಾವ ಕ್ರಮವೂ ಇಲ್ಲ. ಪಿಟ್‌ಮನ್ ಮೇಷ್ಟ್ರು ಇಂಗ್ಲಿಷಿನ ಸದ್ದುಗಳನ್ನು ಹೀಗೇ ಜೋಡಿ ಮಾಡಿದ್ರು. ಪ-ಬ ಎರಡಕ್ಕೂ ಒಂದೇ ದಿಕ್ಕಿನ ಓರೆ ಗೆರೆ, ಪಕಾರಕ್ಕೆ ತೆಳ್ಳಗೆ, ಬಕಾರಕ್ಕೆ ದಪ್ಪಗೆ. ಟ-ಡ ನೆಟ್ಟಗಿನ ಗೆರೆ, ಕ-ಗ ಮಲಗಿದ ಗೆರೆ, ಅಲ್ಲೂ ತೆಳುವು, ದಪ್ಪ ಅಷ್ಟೇ ವ್ಯತ್ಯಾಸ. ಸ್ವರಗಳಿಗೆ ಗೆರೆಯ ಪಕ್ಕ ಚುಕ್ಕಿ, ಸಣ್ಣ ಅಡ್ಡಗೀಟು. ಹ್ರಸ್ವವಾದ್ರೆ ತೆಳು ಚುಕ್ಕಿ, ದೀರ್ಘವಾದ್ರೆ ದಪ್ಪ ಚುಕ್ಕಿ. ಪದವನ್ನು ಸ್ಪೆಲ್ಲಿಂಗ್ ನೋಡಿ ಬರೆಯೋದಲ್ಲ, ಕಿವಿಗೆ ಕೇಳಿದ ಹಾಗೆ ಬರೆಯೋದು.

ಕಲಿಯೋನ ಕಡೆಯಿಂದ ಇದನ್ನು ನೋಡಿ. ಎಂಟು ಸದ್ದಿಗೆ ಎಂಟು ಗುರುತು ಬಾಯಿಪಾಠ ಮಾಡೋ ಬದಲು ನಾಲ್ಕು ದಿಕ್ಕು, ಒಂದು ನಿಯಮ. ಎರಡು ಜೋಡಿ ಹೇಳಿಕೊಟ್ರೆ ಮೂರನೆಯದನ್ನು ಆತನೇ ಊಹಿಸಿ ಬರೀತಾನೆ. ಹತ್ತಿರ ಮೇಷ್ಟ್ರು ಇಲ್ಲದಿರೋ ಹುಡುಗನಿಗೆ ಇಂಥ ಪಾಠವೇ ಬೇಕು, ಯಾಕಂದ್ರೆ ಮರೆತದ್ದನ್ನು ಅದರೊಳಗಿಂದಲೇ ಮತ್ತೆ ಕಟ್ಟಿಕೊಳ್ಳಬಹುದು. ವಿಷಯವನ್ನು ಜೋಡಿಸಿದ ರೀತಿಯಲ್ಲೇ ಪಾಠ ಅರ್ಧ ಮುಗಿದಿರುತ್ತೆ. ನಮ್ಮ ಪಿಪಿಟಿಯ ಬಣ್ಣಗಳು ಮಾಡದ ಕೆಲಸ ಇದು.

1839ರಲ್ಲಿ ಮೇಷ್ಟ್ರು ಬಾತ್ ಪಟ್ಟಣಕ್ಕೆ ಸಂಸಾರ ಸಾಗಿಸಿದ್ರು. ಮರುವರ್ಷವೇ ಇಂಗ್ಲೆಂಡಿನಲ್ಲಿ ಒಂದು ದೊಡ್ಡ ಬದಲಾವಣೆ ಆಯ್ತು. ಅಲ್ಲಿಯವರೆಗೆ ಅಂಚೆಗೆ ದೂರ ನೋಡಿ, ಹಾಳೆ ಎಣಿಸಿ ದರ ಹಾಕ್ತಿದ್ರು. ಅದನ್ನು ಸಾಮಾನ್ಯವಾಗಿ ಕಾಗದ ಪಡೆದವರೇ ಕೊಡಬೇಕಿತ್ತು. ಬಡವರ ಮನೆಗೆ ಕಾಗದ ಬಂದ್ರೆ ಖರ್ಚು ಬಂದ ಹಾಗೆ. ರೋಲೆಂಡ್ ಹಿಲ್ ಎಂಬುವರ ಒತ್ತಾಯದಿಂದ 1840ರ ಜನವರಿ 10ರಿಂದ ದೇಶದ ಯಾವ ಮೂಲೆಗಾದ್ರೂ ಹಗುರವಾದ ಕಾಗದಕ್ಕೆ ಒಂದೇ ಪೆನ್ನಿ ಅಂತ ಆಯ್ತು. ಮೇ ತಿಂಗಳಲ್ಲಿ ಅಂಚೆ ಚೀಟಿಯೂ ಬಂತು. ಈ ಹಿಲ್ ಕೂಡ ಹಿಂದೆ ಶಾಲಾ ಮೇಷ್ಟ್ರೇ ಆಗಿದ್ದವರು.

ಬೇರೆಯವರಿಗೆ ಇದು ಅಗ್ಗದ ಅಂಚೆ. ಪಿಟ್‌ಮನ್ ಮೇಷ್ಟ್ರಿಗೆ ಗೋಡೆ ಇಲ್ಲದ ಶಾಲೆ ಕಾಣಿಸ್ತು. ತಮ್ಮ ಇಡೀ ಪದ್ಧತಿಯನ್ನು ಕುಗ್ಗಿಸಿ ಒಂದೇ ಹಾಳೆಗೆ ಇಳಿಸಿದ್ರು. ಫೋನೋಗ್ರಫಿ ಅಂತ ಹೊಸ ಹೆಸರಿಟ್ರು. ಬೆಲೆ ಒಂದು ಪೆನ್ನಿ. ಪೆನ್ನಿ ಪ್ಲೇಟ್ ಅಂತಲೇ ಅದು ಹೆಸರಾಯ್ತು. ಒಂದು ಹಾಳೆಯಲ್ಲಿ ಹಿಡಿಸಬೇಕಂದ್ರೆ ಏನು ಇಡಬೇಕು, ಏನು ಬಿಡಬೇಕು ಅಂತ ನಿರ್ದಯವಾಗಿ ತೀರ್ಮಾನ ಮಾಡಲೇಬೇಕು. ಜಾಗಕ್ಕೆ ಮಿತಿಯೇ ಇಲ್ಲದ ಪೋರ್ಟಲ್‌ನಲ್ಲಿ ನಮಗೆ ಆ ಕಷ್ಟ ಬರಲ್ಲ. ಅದಕ್ಕೇ ನೂರಿಪ್ಪತ್ತು ಸ್ಲೈಡಿನ ಪಿಡಿಎಫ್ ಹಾಕಿ ಕೈ ತೊಳ್ಕೊಂಡ್ಬಿಡ್ತೀವಿ.

ಆದ್ರೆ ಮೇಷ್ಟ್ರ ನಿಜವಾದ ಜಾಣ್ಮೆ ಹಾಳೆಯಲ್ಲಿ ಇರ್ಲಿಲ್ಲ, ಹಾಳೆ ತಲುಪಿದ ಮೇಲೆ ನಡೀತಿದ್ದ ಕೆಲಸದಲ್ಲಿತ್ತು. ಹಾಳೆ ತರಿಸಿಕೊಂಡವರು ಅದನ್ನು ನೋಡಿ ಬೈಬಲ್‌ನ ಚಿಕ್ಕ ಭಾಗವೊಂದನ್ನು ಶೀಘ್ರಲಿಪಿಯಲ್ಲಿ ಬರೆದು ಅಂಚೆಗೆ ಹಾಕಬೇಕು. ಮೇಷ್ಟ್ರು ಅದನ್ನು ತಿದ್ದಿ ವಾಪಸ್ ಕಳಿಸ್ತಾರೆ. ತಿದ್ದೋದಕ್ಕೆ ಕಾಸು ಇಲ್ಲ. ಬೈಬಲ್ಲೇ ಯಾಕೆ ಅಂದ್ರೆ, ಮೇಷ್ಟ್ರ ಭಕ್ತಿ ಒಂದು ಕಡೆ, ಇನ್ನೊಂದು ಅನುಕೂಲವೂ ಇತ್ತು. ಆಗಿನ ಇಂಗ್ಲೆಂಡಿನಲ್ಲಿ ಯಾರ ಮನೆಯಲ್ಲಿ ಬೇರೆ ಪುಸ್ತಕ ಇಲ್ದಿದ್ರೂ ಅದೊಂದು ಇರ್ತಿತ್ತು. ಅಭ್ಯಾಸಕ್ಕೆ ಅಂತ ಬೇರೆ ಪುಸ್ತಕ ಕೊಳ್ಳಬೇಕಾಗಿರ್ಲಿಲ್ಲ.

ಇದೆಲ್ಲ ಪೋಸ್ಟ್‌ಕಾರ್ಡ್‌ನಲ್ಲಿ ನಡೀತು ಅಂತ ಬಹಳ ಕಡೆ ಬರೆದಿರ್ತಾರೆ. ಅದು ಸರಿಯಲ್ಲ. ಬ್ರಿಟನ್‌ನಲ್ಲಿ ಪೋಸ್ಟ್‌ಕಾರ್ಡ್ ಬಂದದ್ದೇ 1870ರಲ್ಲಿ. ಇವು ಮಡಚಿದ ಕಾಗದಗಳು.

ಈ ಕಾಗದದ ಓಡಾಟದಲ್ಲಿ ಮೂರು ಕೆಲಸ ಒಟ್ಟಿಗೆ ಆಗ್ತಿತ್ತು. ಕಲಿಯೋನು ಸುಮ್ನೆ ಓದಿ ಅರ್ಥ ಆಯ್ತು ಅಂತ ಅಂದ್ಕೊಳ್ಳೋ ಹಾಗಿರ್ಲಿಲ್ಲ, ಕೈಯಾರೆ ಬರೀಲೇಬೇಕಿತ್ತು. ಎರಡನೆಯದಾಗಿ, ಮೊದಲ ಪಾಠದ ತಪ್ಪು ಮೊದಲ ಪಾಠದಲ್ಲೇ ಸಿಕ್ಕಿ ಬೀಳ್ತಿತ್ತು, ಹತ್ತನೇ ಪಾಠದವರೆಗೆ ಬೇರು ಬಿಡ್ತಿರ್ಲಿಲ್ಲ. ಮೂರನೆಯದು ಮೇಷ್ಟ್ರಿಗೇ ಆಗ್ತಿದ್ದ ಲಾಭ. ಒಂದೇ ಜಾಗದಲ್ಲಿ ಹತ್ತು ಜನ ಎಡವಿದ್ರೆ ತಪ್ಪು ಆ ಹತ್ತು ಜನರದ್ದಲ್ಲ, ಪಾಠದ್ದು ಅಂತ ಗೊತ್ತಾಗುತ್ತೆ. ಮುಂದಿನ ಆವೃತ್ತಿಗಳಲ್ಲಿ ಮೇಷ್ಟ್ರು ತಿದ್ದುತ್ತಲೇ ಹೋದ್ರು.

ಕಾಗದಗಳು ಹೆಚ್ಚಾದ ಹಾಗೆ ಒಬ್ಬರ ಕೈಯಲ್ಲಿ ತಿದ್ದಿ ಮುಗಿಯೋ ಮಾತಾಗಿರ್ಲಿಲ್ಲ. ಆಗ ಮೇಷ್ಟ್ರು ತಿದ್ದೋದನ್ನು ನಿಲ್ಲಿಸಲಿಲ್ಲ, ತಿದ್ದೋರನ್ನು ಹೆಚ್ಚಿಸಿದ್ರು. 1843ರಲ್ಲಿ ಕಲಿತವರದ್ದೇ ಒಂದು ಪತ್ರವ್ಯವಹಾರದ ಸಂಘ ಕಟ್ಟಿದ್ರು. ಆಗಲೇ ಕಲಿತವರು ಹೊಸಬರ ಪಾಠವನ್ನು ಅಂಚೆಯಲ್ಲೇ ಪುಕ್ಕಟೆಯಾಗಿ ತಿದ್ದಿ ಕಳಿಸಬೇಕು. ತಿದ್ದೋರಿಗೂ ಲಾಭವೇ, ಇನ್ನೊಬ್ಬರ ತಪ್ಪು ಹುಡುಕಬೇಕಂದ್ರೆ ತಮಗೆ ಸರಿಯಾದದ್ದು ಗೊತ್ತಿರಬೇಕಲ್ಲ. ಅದೇ ವರ್ಷ ಮೇಷ್ಟ್ರು ತಮ್ಮ ಹಗಲು ಶಾಲೆಯನ್ನು ಮುಚ್ಚಿ ಪೂರ್ತಿಯಾಗಿ ಈ ಕೆಲಸಕ್ಕೇ ಇಳಿದ್ರು. ಅದಕ್ಕೂ ಒಂದು ವರ್ಷ ಮುಂಚೆ, 1842ರಲ್ಲಿ, ಶೀಘ್ರಲಿಪಿಯಲ್ಲೇ ಅಚ್ಚಾದ ಒಂದು ಪತ್ರಿಕೆಯನ್ನೂ ಶುರು ಮಾಡಿದ್ರು. ಬರೆಯೋದು ಕಲಿತವರಿಗೆ ಓದೋದಕ್ಕೆ ಏನಾದ್ರೂ ಬೇಕಲ್ಲ, ಅದಕ್ಕೆ. ತಮ್ಮಂದಿರಾದ ಜೋಸೆಫ್, ಬೆನ್ ಊರೂರು ಸುತ್ತಿ ಉಪನ್ಯಾಸ ಮಾಡಿ ಹೊಸ ವಿದ್ಯಾರ್ಥಿಗಳನ್ನು ಸೇರಿಸಿದ್ರು. ಮೇಷ್ಟ್ರೂ ಸುತ್ತಿದ್ರು.

ಅವರ ದಿನಚರಿ ಕೇಳಿದ್ರೆ ಹಾಸ್ಟೆಲ್‌ನವರು ಹೆದರ್ತಾರೆ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಏಳೋದು, ಬೆಳಕು ಹರಿಯೋ ಮುಂಚೆ ಕೆಲಸಕ್ಕೆ ಕೂರೋದು. ಮಾಂಸ ಇಲ್ಲ, ಮದ್ಯ ಇಲ್ಲ, ಹೊಗೆ ಇಲ್ಲ. ಚಿಕ್ಕಂದಿನಲ್ಲಿ ಶಾಲೆಯ ಕೋಣೆಯಲ್ಲಿ ತಲೆ ಸುತ್ತಿ ಬೀಳ್ತಿದ್ದ ಹುಡುಗ ಎಂಬತ್ತು ದಾಟಿದ ಮೇಲೂ ಮೇಜು ಬಿಡಲಿಲ್ಲ.

ಹಾಗಂತ ಮೇಷ್ಟ್ರು ತಪ್ಪೇ ಮಾಡಿಲ್ಲ ಅಂತಲ್ಲ. ತಿದ್ದೋ ಚಟ ಅವರನ್ನೇ ಒಮ್ಮೆ ಎಡವಿಸ್ತು. 1857ರಲ್ಲಿ ಸ್ವರಗಳ ಕ್ರಮವನ್ನೇ ತಲೆಕೆಳಗು ಮಾಡಿದ್ರು. ಅಲ್ಲಿಯವರೆಗೆ ಗೆರೆಯ ಆರಂಭದ ಚುಕ್ಕಿ ಈ, ನಡುವಿನದು ಏ, ಕೊನೆಯದು ಆ ಅಂತ ಇದ್ದದ್ದು, ಈಗ ಆ, ಏ, ಈ ಅಂತಾಯ್ತು. ಶಾಸ್ತ್ರದ ಲೆಕ್ಕದಲ್ಲಿ ಹೊಸದೇ ಸರಿ ಅಂತ ಅವರ ನಂಬಿಕೆ. ಆದ್ರೆ ಇಪ್ಪತ್ತು ವರ್ಷದಿಂದ ಹಳೇ ಕ್ರಮ ಕೈಗೆ ಕೂತು, ಅದರಿಂದಲೇ ಹೊಟ್ಟೆ ಹೊರೀತಿದ್ದವರ ಗತಿ ಏನು? ಎಷ್ಟೋ ಜನ ಸಿಟ್ಟಾದ್ರು. 1850ರ ದಶಕದ ಆರಂಭದಲ್ಲೇ ಅಮೆರಿಕಕ್ಕೆ ಹೋಗಿ ಸಿನ್ಸಿನಾಟಿಯಲ್ಲಿ ನೆಲೆಸಿದ್ದ ಸ್ವಂತ ತಮ್ಮ ಬೆನ್ ಕೂಡ ಬದಲಾವಣೆ ಒಪ್ಪಲಿಲ್ಲ. ಅಮೆರಿಕದಲ್ಲಿ ಬೆನ್ ಪಿಟ್‌ಮನ್ ಪದ್ಧತಿ ಅಂತ ಬೇರೆಯೇ ಕವಲು ಬೆಳೀತು. ಅಧ್ಯಕ್ಷ ಲಿಂಕನ್ ಹತ್ಯೆಯ ಸಂಚುಗಾರರ 1865ರ ವಿಚಾರಣೆಯನ್ನು ಶೀಘ್ರಲಿಪಿಯಲ್ಲಿ ದಾಖಲಿಸಿದ ತಂಡದ ಮುಂದಾಳು ಇದೇ ಬೆನ್. ಸೆಮ್ ಮಧ್ಯೆ ಪೋರ್ಟಲ್‌ನ ಮೆನು ಬದಲಾಯಿಸಿ, ಹಳೇ ಲಿಂಕ್ ತೆಗೆದು ಹಾಕೋರಿಗೆ ಈ ಕತೆ ಹೇಳಬೇಕು. ಪಾಠ ಕಲಿತವನ ಕೈಗೆ ಹೋದ ಮೇಲೆ ಅದು ಪೂರ್ತಿ ನಮ್ಮದಲ್ಲ.

ಇನ್ನೊಂದು ದೊಡ್ಡ ಸೋಲು ಇಂಗ್ಲಿಷ್ ಸ್ಪೆಲ್ಲಿಂಗ್ ಸುಧಾರಣೆ. ಬರೆದ ಹಾಗೇ ಓದೋ ಇಂಗ್ಲಿಷ್ ಬೇಕು ಅಂತ ಹೊಸ ಅಕ್ಷರಗಳನ್ನೇ ಮಾಡಿಸಿ, ಅಚ್ಚುಮೊಳೆ ಎರಕ ಹೊಯ್ಯಿಸಿ, ಪುಸ್ತಕ ಅಚ್ಚು ಹಾಕಿಸಿ, ದುಡಿದ ದುಡ್ಡನ್ನು ದಶಕಗಟ್ಟಲೆ ಸುರಿದ್ರು. ನಿಘಂಟು ಹಿಡಿದು ಕೂತಿದ್ದ ಆ ಹಳೇ ಹುಡುಗನ ನೋವು ಇದರ ಹಿಂದೆ ಇದ್ದೇ ಇತ್ತು. ಇಂಗ್ಲೆಂಡ್ ಮಾತ್ರ ಕಿವಿಗೊಡಲಿಲ್ಲ. ಕನ್ನಡದಂಥ ಲಿಪಿ ಹುಟ್ಟಿನಿಂದಲೇ ಸಿಕ್ಕ ನಮಗೆ ಅವರ ಆ ಒದ್ದಾಟ ಅರ್ಥ ಆಗೋಕೆ ಸ್ವಲ್ಪ ಹೊತ್ತು ಬೇಕಾಗುತ್ತೆ.

ಶೀಘ್ರಲಿಪಿ ಮಾತ್ರ ಕೋರ್ಟು, ಕಚೇರಿ, ಪತ್ರಿಕೆಗಳನ್ನೆಲ್ಲ ಆವರಿಸಿಕೊಳ್ತು. ನಾಟಕಕಾರ ಬರ್ನಾರ್ಡ್ ಷಾ ತಮ್ಮ ಕರಡುಗಳನ್ನು ಪಿಟ್‌ಮನ್ ಲಿಪಿಯಲ್ಲೇ ಬರೀತಿದ್ರು. ಮೊದಲ ಹೆಂಡತಿ ತೀರಿಕೊಂಡ ಮೇಲೆ 1861ರಲ್ಲಿ ಮೇಷ್ಟ್ರು ಇಸಬೆಲ್ಲಾ ಮಾಸ್ಟರ್ಸ್ ಅವರನ್ನು ಮದುವೆಯಾದ್ರು. ಮಕ್ಕಳಾದ ಆಲ್‌ಫ್ರೆಡ್, ಅರ್ನೆಸ್ಟ್ ಮುಂದೆ ಪ್ರಕಾಶನದ ವ್ಯವಹಾರಕ್ಕೆ ಕೈಜೋಡಿಸಿದ್ರು. 1894ರಲ್ಲಿ ವಿಕ್ಟೋರಿಯಾ ರಾಣಿಯಿಂದ ಸರ್ ಪದವಿ ಬಂತು. 1897ರ ಜನವರಿ 22ರಂದು ಬಾತ್‌ನಲ್ಲಿ ಸರ್ ಐಸಾಕ್ ಕಣ್ಣು ಮುಚ್ಚಿದ್ರು. ಆಗ ಎಂಬತ್ತನಾಲ್ಕು ವರ್ಷ.

ಅವರ ಪೆನ್ನಿ ಹಾಳೆಯ ದಾರಿ ಅಲ್ಲಿಗೆ ನಿಲ್ಲಲಿಲ್ಲ. ಕಾಲೇಜಿಗೆ ಬರಲಾಗದವರಿಗೂ ಪರೀಕ್ಷೆ ಬರೆದು ಪದವಿ ಪಡೆಯೋ ಅವಕಾಶವನ್ನು ಲಂಡನ್ ವಿಶ್ವವಿದ್ಯಾಲಯ 1858ರಲ್ಲಿ ತೆರೀತು. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾಲಯ ಅಂಚೆ ಮತ್ತು ತೆರಪಿನ ಶಿಕ್ಷಣ ಅಂತ ಶುರು ಮಾಡಿದ್ದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಆಯ್ತು. ಈಗ ಅಂಚೆಯ ಜಾಗಕ್ಕೆ ಮೊಬೈಲ್ ಬಂದಿದೆ. ಪಾಠ ಹೋಗೋ ದಾರಿ ಬೆಳಕಿನ ವೇಗ ಪಡೀತು. ತಿದ್ದಿದ ಕಾಗದ ವಾಪಸ್ ಬರೋ ದಾರಿಯನ್ನು ಮಾತ್ರ ನಾವು ಬಹಳ ಕಡೆ ಹಾಕಲೇ ಇಲ್ಲ.

ಈ ಸೆಮ್‌ನಿಂದ ನಾವು ಹಾಕೋಕೆ ನೋಡ್ತಿದ್ದೀವಿ. ಒಂದು ವಿಡಿಯೋಗೆ ಒಂದೇ ವಿಷಯ, ಕೊನೆಯಲ್ಲಿ ಒಂದೇ ಲೆಕ್ಕ. ಲೆಕ್ಕವನ್ನು ಹಾಳೆ ಮೇಲೆ ಕೈಯಲ್ಲೇ ಮಾಡಿ ಫೋಟೋ ಕಳಿಸಬೇಕು, ಉತ್ತರ ಅಷ್ಟೇ ಅಲ್ಲ, ನಡುವಿನ ಸಾಲುಗಳೂ ಬೇಕು. ಎರಡು ದಿನದೊಳಗೆ ಕೆಂಪು ಗುರುತು ಹಾಕಿ ವಾಪಸ್ ಕಳಿಸೋದು ನಮ್ಮ ಜವಾಬ್ದಾರಿ. ಒಂದೇ ಕಡೆ ಬಹಳ ಜನ ತಪ್ಪಿದ್ರೆ ವಿಡಿಯೋನೇ ಮತ್ತೆ ಮಾಡ್ತೀವಿ. ಮೊದಲ ವಾರವೇ ಒಂದು ವಿಡಿಯೋ ಮತ್ತೆ ಮಾಡಬೇಕಾಯ್ತು, ನಾವು ಬಹಳ ಚೆನ್ನಾಗಿದೆ ಅಂದ್ಕೊಂಡಿದ್ದ ವಿಡಿಯೋನೇ ಅದು.

ಆ ಜೂನಿಯರ್ ಬ್ಯಾಕ್‌ಲಾಗ್ ಪರೀಕ್ಷೆ ಮತ್ತೆ ಬರೆದಿದ್ದಾನೆ, ರಿಸಲ್ಟ್ ಇನ್ನೂ ಬಂದಿಲ್ಲ. ಸದ್ಯಕ್ಕೆ ಸಂಜೆ ಹೊತ್ತು ನಮ್ಮ ಜೊತೆ ಕೂತು ಹೊಸಬರ ಹಾಳೆ ತಿದ್ತಾನೆ. ಮೈನಸ್ ಚಿಹ್ನೆ ತಪ್ಪಿದ್ದನ್ನು ನಮಗಿಂತ ಮುಂಚೆ ಹಿಡಿಯೋದು ಅವನೇ.

ಹಾಳೆಗಳು ಜಾಸ್ತಿ ಆಗ್ತಿವೆ, ತಿದ್ದೋ ಕೈ ಸಾಲ್ತಿಲ್ಲ. ವಾರಕ್ಕೆ ಒಂದು ಗಂಟೆ ಕೊಡೋಕೆ ಆಗೋರು ಸಂಘದ ಕೋಣೆಗೆ ಬಂದು ಹೆಸರು ಬರೆಸಿ. ಕೆಂಪು ಪೆನ್ನು ನಾವು ಕೊಡ್ತೀವಿ.